ಲೇಬರ್ ಶೆಡ್ಡಿಗೆ ರಾತ್ರಿ ಬನ್ನಿ: ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜನಗಣತಿಗೆ ಈ ಜಿಲ್ಲೆಯ ಪ್ರಧಾನ ಅಧಿಕಾರಿ ತಾವು; ಸಂಡೂರು ತಾಲ್ಲೂಕಿನ ಎಣಿಕೆ ನೋಡಿಕೊಳ್ಳುವ ಚಾರ್ಜ್ ಅಧಿಕಾರಿ ತಹಶೀಲ್ದಾರರು. ತಮಗೆ ನಿಯಮ ಹೇಳಿಕೊಡುವ ಅಗತ್ಯವಿಲ್ಲ. ಆದರೆ ಕೇಳುವವರಿಲ್ಲದೆ ಇಷ್ಟು ವರ್ಷ ಕಳೆದ ಮೇಲೆ ಹೇಳದೆ ಬೇರೆ ದಾರಿಯೂ ಇಲ್ಲ.

ಸಂಡೂರಿನ ಜನ ಎಷ್ಟು, ಯಾರು ಎಂದರೆ ಕಚೇರಿಗಳು ತೆಗೆಯುವುದು 2011ರ ಜನಗಣತಿಯ ಪಟ್ಟಿ. ಆ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಬಳ್ಳಾರಿಯ ಗಣಿಗಳನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು ಅದೇ ವರ್ಷದ ಜುಲೈ 29ರಂದು. ಎಣಿಸಿಕೊಂಡ ಲಾರಿ ಚಾಲಕರು, ಕ್ಲೀನರುಗಳು, ಅದಿರು ಜರಡಿಯ ಕೂಲಿಗಳು ಐದೇ ತಿಂಗಳಲ್ಲಿ ಚದುರಿದರು. ಗಣಿ ಮತ್ತೆ ತೆರೆದಾಗ, ತೋರಣಗಲ್ಲಿನ ಕಾರ್ಖಾನೆ ಬೆಳೆದಾಗ ಬಂದವರು ಬೇರೆಯವರು. ಒಡಿಶಾ, ಬಿಹಾರ, ಜಾರ್ಖಂಡಿನವರೂ ಅವರಲ್ಲಿದ್ದಾರೆ. ಹೋದವರು ಪಟ್ಟಿಯಲ್ಲಿದ್ದಾರೆ, ಇರುವವರು ಇಲ್ಲ. 400ರಿಂದ 800 ಜನಕ್ಕೊಂದು ಅಂಗನವಾಡಿ, 400 ಜನಕ್ಕೊಬ್ಬ ಪಂಚಾಯಿತಿ ಸದಸ್ಯ ಎಂದು ಭಾಗಿಸುವುದೂ ಇದೇ ಪಟ್ಟಿ ಹಿಡಿದು.

2027ರ ಫೆಬ್ರವರಿಯ ಜನಗಣತಿಯಲ್ಲೂ ಇದೇ ಆಗಬಾರದು. ಎಡವಟ್ಟಾಗುವುದು ಎಲ್ಲಿ ಎಂಬುದು ಗುಟ್ಟೇನಲ್ಲ. ಗಣತಿದಾರರು ಬೆಳಿಗ್ಗೆ ಹನ್ನೊಂದಕ್ಕೆ ಶೆಡ್ಡಿಗೆ ಹೋದರೆ ಆರರ ಪಾಳಿಯವರು ಗಣಿಯಲ್ಲಿರುತ್ತಾರೆ, ರಾತ್ರಿ ಪಾಳಿಯವರು ಬಾಗಿಲು ಹಾಕಿ ಮಲಗಿರುತ್ತಾರೆ. ಉತ್ತರ ಕೊಡುವವನು ಮೇಸ್ತ್ರಿ. ‘ನಲವತ್ತು ಜನ, ಎಲ್ಲಾ ಬಿಹಾರಿ’ ಎಂದುಬಿಟ್ಟರೆ ಗಣತಿ ಮುಗಿಯಿತು! ಹುಟ್ಟಿದ ಊರು, ಹಿಂದೆ ಇದ್ದ ಊರು, ಮಾತೃಭಾಷೆ, ಜಾತಿ: ಎಲ್ಲವೂ ಮೇಸ್ತ್ರಿಯ ಬಾಯಲ್ಲಿ. ಗಣತಿಯ ಲೆಕ್ಕದಲ್ಲಿ ಒಂದೇ ಮೆಸ್ಸಿನಲ್ಲಿ ಉಣ್ಣುವವರು ಸಾಂಸ್ಥಿಕ ಕುಟುಂಬ. ಕೋಣೆಗೊಂದು ಒಲೆಯಿದ್ದರೆ ಒಂದೊಂದು ಕೋಣೆಯೂ ಸಾಮಾನ್ಯ ಕುಟುಂಬ. ಒಲೆ ನೋಡದೆ ಇಡೀ ಶೆಡ್ಡನ್ನು ಒಂದೇ ಸಾಲಿಗೆ ತುಂಬಿದರೆ ಅಲ್ಲಿರುವ ಹೆಂಗಸರು, ಮಕ್ಕಳು ಕಾಣೆಯಾಗುತ್ತಾರೆ.

ಇನ್ನು ತಾಂಡಾಗಳ ಕಥೆ ತಿರುಗಾಮುರುಗಾ. ಫೆಬ್ರವರಿ ಎಂದರೆ ಗುಳೆಯ ಕಾಲ: ಮಂಡ್ಯದ ಕಬ್ಬು, ಚಿಕ್ಕಮಗಳೂರಿನ ಕಾಫಿ. ಎಣಿಕೆಯ ಅಷ್ಟೂ ದಿನ ಊರಲ್ಲಿಲ್ಲದವರನ್ನು ಊರಲ್ಲಿ ಎಣಿಸುವಂತಿಲ್ಲ, ಸರಿ. ಗದ್ದೆ ಬದಿಯ ಜೋಪಡಿಯಲ್ಲಾದರೂ ಎಣಿಸಿದರೇ? ಅಲ್ಲೂ ತಪ್ಪಿದರೆ ಲಂಬಾಣಿ ಕುಟುಂಬ ಎಲ್ಲಿಯೂ ಇಲ್ಲ. ಗಣಿ ಧೂಳು ಕುಡಿದವರೇ ಲೆಕ್ಕದಿಂದ ಹೊರಗೆ, ಗಣಿಯವರು ಕಟ್ಟುವ ಜಿಲ್ಲಾ ಖನಿಜ ನಿಧಿ ಮಾತ್ರ ‘ಬಾಧಿತರಿಗೆ’. ಭೇಷ್.

ಆದ್ದರಿಂದ ಕೇಳುತ್ತಿದ್ದೇವೆ: ಪ್ರತಿ ಲೇಬರ್ ಕ್ಯಾಂಪನ್ನೂ ಪ್ರತ್ಯೇಕ ಗಣತಿ ಬ್ಲಾಕ್ (ಒಬ್ಬ ಗಣತಿದಾರರಿಗೆ ವಹಿಸುವ ಪ್ರದೇಶ) ಮಾಡಿ. ಪಾಳಿ ನೋಡಿಕೊಂಡು, ರಾತ್ರಿ ಎಂಟರ ಮೇಲೊಮ್ಮೆ ಮತ್ತು ವಾರದ ರಜೆಯ ದಿನವೊಮ್ಮೆ ಗಣತಿದಾರರನ್ನು ಕಳಿಸಿ, ಜೊತೆಗೆ ಹಿಂದಿ ಅಥವಾ ಒಡಿಯಾ ಬಲ್ಲ ಒಬ್ಬರಿರಲಿ. ಕಾನೂನಿನಂತೆ ಪ್ರತಿ ಗಣಿಯಲ್ಲೂ ಕೆಲಸಗಾರರ ರಿಜಿಸ್ಟರ್ ಇರಲೇಬೇಕು. ಗಣತಿಯ ಸಂಖ್ಯೆಯನ್ನು ಅದರೊಂದಿಗೆ ತಾಳೆ ನೋಡಿ. ಕಾಗದಪತ್ರ ಕೇಳುತ್ತಾರೆಂದು ಹೆದರಿ ಜನ ಅಡಗುತ್ತಾರೆ; ಗಣತಿಗೆ ಯಾವ ದಾಖಲೆಯೂ ಬೇಡ, ಕೊಟ್ಟ ಮಾಹಿತಿಯನ್ನು 1948ರ ಜನಗಣತಿ ಕಾಯ್ದೆಯ 15ನೇ ಕಲಮು ಗುಟ್ಟಾಗಿ ಕಾಯುತ್ತದೆ ಎಂದು ಅವರ ಭಾಷೆಯಲ್ಲೇ ಸಾರಿಸಿ. ಗುಳೆ ಹೋದವರ ಪಟ್ಟಿ ಬರೆಸಿ ಮಂಡ್ಯ, ಚಿಕ್ಕಮಗಳೂರಿನ ಜಿಲ್ಲಾಧಿಕಾರಿಗಳಿಗೆ ಜನವರಿಯೊಳಗೆ ತಲುಪಿಸಿ.

‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬೇಡ, ಸ್ವಾಮಿ. ಕ್ಯಾಂಪುಗಳಿಗೆ ಪ್ರತ್ಯೇಕ ಬ್ಲಾಕ್ ಕೊಟ್ಟ ಆದೇಶದ ಪ್ರತಿ ಬೇಕು. ಶೆಡ್ಡಿಗೆ ರಾತ್ರಿ ಕಳಿಸಿ.

ಇಂತಿ,
ಸಂಡೂರು ತಾಲ್ಲೂಕಿನ ನಾಗರಿಕರು