ಧೂಳು ಎಣಿಸಿದ ಆರು ವರ್ಷ, ಮತ್ತೆ ಒಂದಿಷ್ಟು ಥ್ಯಾಂಕ್ಸು

ಅಂತೂ ಮೊನ್ನೆ ರಕ್ತದಲ್ಲಿರೋ ನ್ಯಾನೋ ಗಾತ್ರದ ಗುಳ್ಳೆಗಳ ಮೇಲಿನ ನನ್ನ ರಿಸರ್ಚಿನ ವೈವಾ (ಕೊನೇ ಬಾಯಿಮಾತಿನ ಪರೀಕ್ಷೆ) ಮುಗೀತು. ಬೆಳಿಗ್ಗೆ ವಾರ್ಡು ಸಂಜೆ ಲ್ಯಾಬು ಅಂತ ಓಡಾಡಿ ಆರು ವರ್ಷ ಹೆಂಗ್ ಹೋಯ್ತೋ ಗೊತ್ತಾಗ್ಲಿಲ್ಲ, ಫೋನು ಮೆಸೇಜು ಮಾಡಿದ ಎಲ್ರಿಗೂ ಬೇರೆ ಬೇರೆ ಉತ್ರ ಕೊಡೋಕಾಗ್ತಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

"ನ್ಯಾನೋ ಅಂತೀಯಲ್ಲ, ರಕ್ತಕ್ಕೆ ಏನ್ ಬೆರೆಸ್ತೀಯಾ?" ಅಂತ ಕೇಳಿದೋರೇ ಜಾಸ್ತಿ. ನಾನೇನೂ ಬೆರೆಸಲ್ಲಪ್ಪ. ಬ್ಲಡ್ ಬ್ಯಾಂಕ್ ಫ್ರಿಜ್ಜಲ್ಲಿ ಕೆಂಪು ರಕ್ತಕಣದ ಬ್ಯಾಗು 42 ದಿನದವರೆಗೂ ಇಡ್ತಾರೆ, ಅಷ್ಟೂ ದಿನ ಆ ಕಣಗಳು ಸುಮ್ನಿರಲ್ಲ, ತಮ್ಮ ಮೈಯಿಂದಲೇ ಚಿಕ್ಕ ಚಿಕ್ಕ ಗುಳ್ಳೆ ಉದುರಿಸ್ತಾ ಇರ್ತವೆ. ಕಣ 7-8 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಸಾವಿರ ನ್ಯಾನೋಮೀಟರ್ರು) ಇದ್ರೆ ಗುಳ್ಳೆ ನೂರಿನ್ನೂರು ನ್ಯಾನೋಮೀಟರ್ರು. ಒಳಗೆ ಹಿಮೋಗ್ಲೋಬಿನ್ ಇರುತ್ತೆ, ಕಣದ ಒಳಮೈಯಲ್ಲಿರ್ಬೇಕಾದ ಒಂದು ಕೊಬ್ಬು ಹೊರಗಡೆ ತಿರುಗಿರುತ್ತೆ, ಅದು ರಕ್ತ ಹೆಪ್ಪುಗಟ್ಟೋದನ್ನ ಜೋರು ಮಾಡುತ್ತೆ. 1967ರಲ್ಲೇ ಪೀಟರ್ ವುಲ್ಫ್ ಅನ್ನೋರು ಪ್ಲೇಟ್‌ಲೆಟ್ಟಿಂದ ಬರೋ ಇಂಥದ್ದನ್ನ ನೋಡಿ 'ಪ್ಲೇಟ್‌ಲೆಟ್ ಧೂಳು' ಅಂದಿದ್ರು. ಕೆಂಪು ಕಣದಿಂದ ಬರೋ ಅಂಥ ಧೂಳು ಎಣಿಸೋದೇ ನನ್ ಕೆಲ್ಸ.

(ಹಳೇ ರಕ್ತ ಅಂತ ಯಾರೂ ಗಾಬರಿ ಆಗ್ಬೇಡಿ. 2015ರ ಏಬಲ್, 2016ರ ಇನ್‌ಫಾರ್ಮ್ ಅನ್ನೋ ಟ್ರಯಲ್ಲು (ರೋಗಿಗಳ ಮೇಲೆ ನಡೆಸಿದ ಹೋಲಿಕೆ ಪರೀಕ್ಷೆ) ಎರಡರಲ್ಲೂ ಫ್ರೆಶ್ ರಕ್ತ ಕೊಟ್ಟಿದ್ದಕ್ಕೆ ಸಾವೇನೂ ಕಮ್ಮಿ ಆಗ್ಲಿಲ್ಲ.)

ಮೂರನೇ ವರ್ಷ ಫ್ಲೋ ಸೈಟೋಮೀಟರಲ್ಲಿ (ಕಣಗಳನ್ನ ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಎಣಿಸೋ ಮೆಷಿನ್ನು) ಗ್ರಾಫು ಎಷ್ಟು ಚೆಂದ ಬರ್ತಿತ್ತು ಅಂದ್ರೆ ನಾನು ಆಗ್ಲೇ ಪೇಪರ್ ಬರೆಯೋಕೆ ಕೂತಿದ್ದೆ. ನಮ್ಮ ಟೆಕ್ನಿಷಿಯನ್ ಅಕ್ಕ ಮೆಲ್ಲಗೆ, "ಡಾಕ್ಟ್ರೇ, ಸ್ಯಾಂಪಲ್ಲು ಹತ್ತು ಪಟ್ಟು ತೆಳು ಮಾಡಿ ಒಂದ್ಸಲ ಓಡಿಸೋಣ್ವಾ?" ಅಂದ್ರು. ತೆಳು ಮಾಡಿದ್ರೆ ಎಣಿಕೆನೂ ಹತ್ತು ಪಟ್ಟು ಇಳೀಬೇಕು ತಾನೆ? ಇಳೀಲೇ ಇಲ್ಲ, ಬದ್ಲಿಗೆ ಒಂದೊಂದರ ಬೆಳಕು ಮಂಕಾಯ್ತು. ಅಂದ್ರೆ ಸಣ್ಣ ಗುಳ್ಳೆಗಳು ಗುಂಪಾಗಿ ಲೇಸರ್ ಮುಂದೆ ಹಾದು ಹೋಗ್ತಿದ್ವು, ಮೆಷಿನ್ನು ಗುಂಪನ್ನೇ ಒಂದು ಅಂತ ಲೆಕ್ಕ ಹಾಕ್ತಿತ್ತು. ಹದಿನಾಲ್ಕು ತಿಂಗಳ ಡೇಟಾ ನೀರಲ್ಲಿ ಹೋಮ. ಅವತ್ತು ಮೆಟ್ಟಿಲ ಮೇಲೆ ಕೂತು ಅತ್ತಿದೀನಿ, ಹೇಳ್ಕೊಳ್ಳೋಕೆ ನಾಚಿಕೆ ಇಲ್ಲ.

ಅಕ್ಕಾ, ಅವತ್ತು ನಿಮ್ಮ ಮೇಲೆ ಸಿಟ್ಟೇ ಬಂದಿತ್ತು, ಕ್ಷಮಿಸಿ. ನೀವು ಬಾಯಿ ಬಿಡದೇ ಇದ್ದಿದ್ರೆ ನಾನು ಸುಳ್ಳು ನಂಬರ್ ಪ್ರಿಂಟ್ ಮಾಡಿಸ್ತಿದ್ದೆ. ಪೇಪರಲ್ಲಿ ನಿಮ್ಮ ಹೆಸ್ರು ಎರಡನೇದು ಇರೋದು ನಾನು ಕೊಟ್ಟ ಉಡುಗೊರೆ ಅಲ್ಲ, ನಿಮ್ಮ ಸಂಪಾದನೆ.

"ತಪ್ಪು ಈಗ್ಲೇ ಸಿಕ್ತಲ್ಲ ಬಿಡಯ್ಯ" ಅಂತ ಒಂದೇ ಮಾತಲ್ಲಿ ಮುಗಿಸಿದ ಗೈಡ್ ಸರ್‌ಗೆ, ನನ್ನ ನೈಟ್ ಡ್ಯೂಟಿ ಎಷ್ಟೋ ಸಲ ತಾವೇ ಹೊತ್ತ ಜೂನಿಯರ್‌ಗಳಿಗೆ, ಮನೇಲಿ ಸ್ಲೈಡ್ ಕೇಳಿ ಕೇಳಿ ಈಗ ನನಗಿಂತ ಚೆನ್ನಾಗಿ ಪ್ರೆಸೆಂಟ್ ಮಾಡೋ ನನ್ನ ಹೆಂಡ್ತಿಗೆ ಥ್ಯಾಂಕ್ಸ್ ಅಂದ್ರೆ ತೀರಾ ಕಮ್ಮಿ ಆಗುತ್ತೆ.

ಆಮೇಲೆ ತಮ್ಮ ರಕ್ತದಲ್ಲಿ ಸ್ವಲ್ಪ ರಿಸರ್ಚಿಗೂ ಬಳಸ್ಕೊಳ್ಳಿ ಅಂತ ಸೈನ್ ಹಾಕಿದ ಡೋನರ್‌ಗಳು. ನನಗೆ ಅವ್ರು ಬರೀ ಒಂದೊಂದು ಕೋಡ್ ನಂಬರ್ರು. ಅವ್ರ ಬ್ಯಾಗು ಎತ್ಕೊಂಡಾಗೆಲ್ಲ ಕೈ ಒಂದು ಕ್ಷಣ ನಿಲ್ತಿತ್ತು.

ಸೋಮವಾರ ಅಕ್ಕ ರಜಾ, ಸೆಂಟ್ರಿಫ್ಯೂಜ್ ನಾನೇ ಹಾಕ್ಬೇಕು. ತೆಳು ಮಾಡಿಯೇ ಓಡಿಸ್ತೀನಿ ಅಕ್ಕಾ.