ಮಿಡಿಮಾವನ ಭರಣಿಗಳು

ಕೂಸೇ,

ಮೊನ್ನೆ ನೀನು ಫೋನ್ ಇಟ್ಟ ರಭಸಕ್ಕೆ ನಾನು ಏನೂ ಹೇಳಲಾಗಲಿಲ್ಲ. ಹೇಳಲು ಇದ್ದದ್ದೂ ಇಷ್ಟೇ. ಮಿಡಿಮಾವ ತೀರಿಹೋದದ್ದನ್ನು ನಿನ್ನ ಸಿಎ ಫೈನಲ್ ಮುಗಿಯುವ ತನಕ ಮುಚ್ಚಿಟ್ಟದ್ದು ನಾನು. ಅಮ್ಮ ಮೊದಲ ದಿನವೇ "ಹೇಳಿಬಿಡಿ, ಕೂಸು ಆಮೇಲೆ ಕ್ಷಮಿಸೋದಿಲ್ಲ" ಅಂದಿದ್ದಳು. ಅವಳ ಮಾತು ಕೇಳಬೇಕಿತ್ತು. ಹದಿಮೂರರ ಊಟಕ್ಕಾದರೂ ನೀನು ಬಂದು ಹೋಗಬಹುದಿತ್ತು. ತಪ್ಪಾಯಿತು. ಅಮ್ಮನ ಮೇಲೆ ಸಿಟ್ಟು ಮಾಡಬೇಡ.

ಅವನು ಹೇಗಿದ್ದ ಅಂತ ನಿನಗೆ ಬರೆಯಬೇಕಾಗಿಲ್ಲ. ತೀರ್ಥಹಳ್ಳಿ ಮದುವೆ, ಪುರೋಹಿತರ ಕೊಡೆ, ಆ ಹಲಸಿನ ಹಪ್ಪಳದ ಪಂದ್ಯ, ಎಲ್ಲ ನಿನಗೇ ನನಗಿಂತ ಚೆನ್ನಾಗಿ ಗೊತ್ತು. ನಿನಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ.

ಯುಗಾದಿ ಆದ ಮರುವಾರ. ಬೆಳಿಗ್ಗೆ ಆರೂವರೆಗೆ ಎದೆ ಉರಿ ಅಂದನಂತೆ. ಹಿಂದಿನ ರಾತ್ರಿ ಹಲಸಿನಕಾಯಿ ಹುಳಿ ಜೋರಾಗಿತ್ತು, ಗ್ಯಾಸ್ ಅಂತ ತಾನೇ ತೀರ್ಮಾನ ಕೊಟ್ಟ. ಜೀರಿಗೆ ಕಷಾಯ ಕುಡಿದ. ಏಳೂವರೆಗೆ ಸೋಡಾಪುಡಿ. ಎಂಟಕ್ಕೆ ಬೆವರು. "ಸೆಖೆ ಶುರುವಾಯ್ತು ಮಾರಾಯ್ತಿ" ಅಂತ ಅತ್ತೆಗೆ ಹೇಳಿ ಉಪ್ಪಿನಲ್ಲಿಟ್ಟ ಮಾವಿನ ಮಿಡಿ ಹೊರಳಿಸಲು ಕೋಣೆಗೆ ಹೋದ. ಒಂಬತ್ತಕ್ಕೆ ಎಡ ಭುಜ ಸೆಳೆತ. ಭರಣಿ ಎತ್ತಿದ್ದಕ್ಕೆ ಅಂದ. ಹತ್ತೂವರೆಗೆ ಕಾರು ಹತ್ತಿಸಿದರು, ದಾರಿಯಲ್ಲೇ ಹೋದ. ಆರೂವರೆಯಿಂದ ಹತ್ತೂವರೆ. ನಾಲ್ಕು ಗಂಟೆ, ಕೂಸೇ.

ಇರಲಿ. ಭರಣಿಯ ವಿಷಯಕ್ಕೆ ಬರುತ್ತೇನೆ.

ಅವತ್ತು ಅವನ ಮನೆಯಲ್ಲಿ ಹದಿನಾಲ್ಕು ಭರಣಿ ಮಿಡಿ ಉಪ್ಪಿನಲ್ಲಿತ್ತು, ಹನ್ನೊಂದನೇ ದಿನ. ಮನೆಯವರಿಗೆ ಸೂತಕ, ಮುಟ್ಟುವ ಹಾಗಿಲ್ಲ. ಹೊರಳಿಸದೆ ಬಿಟ್ಟರೆ ಮೇಲಿನ ಮಿಡಿ ಉಪ್ಪುನೀರಿನಿಂದ ಹೊರಗೆ ನಿಂತು ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಭರಣಿ ಮೆತ್ತಗಾಗುತ್ತಾ ಹೋಗುತ್ತದೆ. ಹಾಗಾಗಿ ಅಷ್ಟನ್ನೂ ನಮ್ಮ ಮನೆಗೆ ತಂದೆವು. ಪ್ರತಿಯೊಂದರ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಅವನ ಸೊಟ್ಟ ಅಕ್ಷರದ ಚೀಟಿ. "ಪೋಸ್ಟ್ ಮಾಸ್ಟರು: ಖಾರ ಎರಡು ಪಾಲು, ಸಿಟ್ಟು ಅರ್ಧವಾಗಲಿ." "ಬೀಗರು: ಎಣಿಸಿ ಇಟ್ಟಿದ್ದೇನೆ, ನೆನಪಿರಲಿ." ಸ್ವಂತ ಮನೆಗೆ ಅಂತ ಇದ್ದದ್ದು ಒಂದು ಹಳೇ ಹಾರ್ಲಿಕ್ಸ್ ಬಾಟಲಿ. ಅದರಲ್ಲಿ ತೊಟ್ಟು ಮುರಿದವು, ಪೆಟ್ಟು ಬಿದ್ದವು. ವರ್ಷವೂ ಹಾಗೇ ಇತ್ತಂತೆ. ಅವರ ಮನೆ ಊಟದಲ್ಲಿ ಮೆತ್ತಗಿನ ಮಿಡಿ ಯಾಕೆ ಸಿಗುತ್ತಿತ್ತು ಅಂತ ಈಗ ಅರ್ಥವಾಯಿತು.

ನಿನ್ನ ಚೀಟಿ: "ಪುಣೆಯ ಲೆಕ್ಕದವಳು. ಮಿಡಿ 100. ಆಡಿಟ್ ಮಾಡಿಕೊಳ್ಳಲಿ."

ಅದು ಅಣ್ಣನ ಕೈಯಲ್ಲಿ ಮುಂದಿನ ವಾರ ಬರುತ್ತದೆ. ಮುಂದಿನ ವರ್ಷದಿಂದ ನೀನೇ ಹಾಕಿಕೊಳ್ಳಬೇಕಾಗುತ್ತದೆ, ಅದಕ್ಕೇ ಅವನ ಕ್ರಮ ಬರೆದಿಡುತ್ತೇನೆ.

ಮಿಡಿ ಗೊರಟು ಬಲಿಯುವ ಮುಂಚಿನದ್ದಾಗಬೇಕು. ರಿಪ್ಪನ್‌ಪೇಟೆಯ ಸಂತೆಯಲ್ಲಿ ನೂರರ ಲೆಕ್ಕದಲ್ಲಿ ಕೊಂಡರೂ ಒಂದನ್ನು ಕತ್ತರಿಸಿ ನೋಡದೆ ಅವನು ದುಡ್ಡು ಕೊಡುತ್ತಿರಲಿಲ್ಲ. ಚಾಕು ತಡೆದರೆ ಬೇಡ. ತೊಟ್ಟು ಮುರಿದು ಮೂಸಿದರೆ ಸೊನೆಯಲ್ಲೇ ಜಾತಿ ಗೊತ್ತಾಗುತ್ತದೆ, ಜೀರಿಗೆಯ ವಾಸನೆಯದೋ ಕರ್ಪೂರದ್ದೋ ಅಂತ. ಅನಂತಭಟ್ಟನ ಅಪ್ಪೆ ಅನ್ನುವ ಜಾತಿಯ ಮಿಡಿ ಸಿಕ್ಕಿದ ವರ್ಷ ಅವನನ್ನು ಹಿಡಿಯುವವರಿರಲಿಲ್ಲ. ಮರ ಹತ್ತಿ ಕೈಯಲ್ಲಿ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಿದ ಮಿಡಿ ಮಾತ್ರ. ಕೊಂಬೆ ಅಲ್ಲಾಡಿಸಿ ಉದುರಿಸಿದ್ದು ಹೊರಗೆ ಚಂದ ಕಂಡರೂ ಪೆಟ್ಟು ಬಿದ್ದ ಕಡೆ ಒಂದು ತಿಂಗಳಲ್ಲಿ ಮೆತ್ತಗಾಗುತ್ತದೆ. ತೊಟ್ಟು ಅರ್ಧ ಇಂಚು ಬಿಟ್ಟು ಕತ್ತರಿಸು. ಬುಡಕ್ಕೇ ಕಿತ್ತರೆ ಸೊನೆ ಪೂರ್ತಿ ಸೋರಿ ಪರಿಮಳ ಹೋಗುತ್ತದೆ, ಆ ತೂತಿನಿಂದ ನೀರೂ ಒಳಗೆ ಇಳಿಯುತ್ತದೆ.

ತೊಳೆದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ, ಒಂದೊಂದನ್ನೂ ಒರೆಸು. ನಾಲ್ಕು ಸೇರು ಮಿಡಿಗೆ ಒಂದು ಸೇರು ಹರಳುಪ್ಪು. ತೂಕದಲ್ಲಿ ಬೇಕೆಂದರೆ, ಮಧ್ಯಮ ಗಾತ್ರದ ನೂರು ಮಿಡಿ ಸುಮಾರು ಒಂದೂವರೆ ಕೆಜಿ ಬರುತ್ತದೆ, ಅದಕ್ಕೆ 375 ಗ್ರಾಂ ಉಪ್ಪು. ಒಂದು ಪದರ ಮಿಡಿ, ಒಂದು ಪದರ ಉಪ್ಪು, ಮೇಲೆ ತೊಳೆದು ಒಣಗಿಸಿದ ಕಲ್ಲು. ಮೂರನೇ ದಿನಕ್ಕೆ ನೀರು ಬಿಡುತ್ತದೆ. ದಿನಕ್ಕೊಮ್ಮೆ ಹೊರಳಿಸಬೇಕು. ಹದಿನೈದರಿಂದ ಇಪ್ಪತ್ತು ದಿನದಲ್ಲಿ ಮಿಡಿ ಮುರುಟಿಕೊಂಡು ಅಜ್ಜಿಯ ಬೆರಳಿನ ಹಾಗಾಗುತ್ತದೆ. ಬಿಪಿ ಅಂತ ಉಪ್ಪು ಕಡಿಮೆ ಮಾಡಲು ಹೋಗಬೇಡ. ಉಪ್ಪು ಕಡಿಮೆಯಾದರೆ ಮುರುಟುವ ಮೊದಲೇ ಹುಳಿತುಹೋಗುತ್ತದೆ. ಕಡಿಮೆ ಮಾಡುವುದಿದ್ದರೆ ತಟ್ಟೆಯಲ್ಲಿ ಮಾಡು, ಅರ್ಧ ಮಿಡಿ ತಿನ್ನು.

ಬಿಪಿ ಅಂದೆ ನೋಡು. ಅವನಿಗೆ ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ. ಸಕ್ಕರೆ ಇದ್ದವರಿಗೆ ಎದೆನೋವು ಸಿನಿಮಾದ ಹಾಗೆ ಬರಬೇಕೆಂದಿಲ್ಲ. ನರಗಳು ಮಂದವಾಗಿರುತ್ತವೆ, ಬರೀ ಉರಿ, ಸುಸ್ತು, ಬೆವರು, ಏದುಸಿರು ಅಷ್ಟೇ ಇರಬಹುದು. ಹೆಂಗಸರಲ್ಲೂ ಎಷ್ಟೋ ಸಲ ಹಾಗೇ, ವಾಕರಿಕೆ, ದವಡೆ ನೋವು, ಬೆನ್ನು ನೋವು. ನೀನು ಪರೀಕ್ಷೆಯ ತಿಂಗಳಲ್ಲಿ ಮೂರು ಸಲ "ಅಸಿಡಿಟಿ ಅಪ್ಪಾ" ಅಂದಿದ್ದೆ. ಇಪ್ಪತ್ತಾರು ವರ್ಷದವಳಿಗೆ ಅದು ಹೆಚ್ಚಾಗಿ ಅಸಿಡಿಟಿಯೇ, ನನಗೂ ಗೊತ್ತು. ರಾತ್ರಿ ಹನ್ನೊಂದಕ್ಕೆ ಊಟ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿ, ಮತ್ತೇನಾಗುತ್ತದೆ? ಆದರೂ ಬರೆದಿಡುತ್ತೇನೆ, ನಿನಗಲ್ಲದಿದ್ದರೆ ನಿನ್ನ ಆಫೀಸಿನ ಇನ್ಯಾರಿಗೋ ಬೇಕಾದೀತು.

ಉರಿಯೋ ಭಾರವೋ ಹತ್ತು ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ, ಜೊತೆಗೆ ತಣ್ಣನೆ ಬೆವರಿದ್ದರೆ, ಗ್ಯಾಸೋ ಅಲ್ಲವೋ ಅಂತ ಮನೆಯಲ್ಲಿ ಕೂತು ಚರ್ಚೆ ಮಾಡಬಾರದು. 108ಕ್ಕೆ ಫೋನ್ ಮಾಡಬೇಕು, ಪುಣೆಯಲ್ಲೂ ಅದೇ ನಂಬರು. ತಾನೇ ಗಾಡಿ ಓಡಿಸಿಕೊಂಡು ಹೋಗಬಾರದು. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇಲ್ಲದವರಾದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬೇಕು. ಹಾಗೇ ನುಂಗಿದರೆ ಕರಗಲು ಹೊತ್ತಾಗುತ್ತದೆ. ಆಸ್ಪತ್ರೆಗೆ ಕಾಲಿಟ್ಟ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು. ಮೊದಲ ಇಸಿಜಿ ಸರಿಯಿದೆ ಅಂತ ಎದ್ದು ಬರಬಾರದು. ನೋವು ಇದ್ದರೆ ಇನ್ನೊಮ್ಮೆ ತೆಗೆಸಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೋ ಅಂತ ತೋರಿಸುವ ಟ್ರೋಪೋನಿನ್ ರಕ್ತ ಪರೀಕ್ಷೆಯನ್ನೂ ಕೇಳಬೇಕು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೋದ ಮೇಲೆ ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ರಕ್ತದ ಗಂಟು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡಲು. ಮೊದಲ ಎರಡು ಮೂರು ಗಂಟೆಯಲ್ಲಿ ಬಿದ್ದರೆ ಅದರ ಗುಣವೇ ಬೇರೆ, ಹೊತ್ತು ಹೋದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಅವನ ಕೈಯಲ್ಲಿ ನಾಲ್ಕು ಗಂಟೆ ಇತ್ತು. ಊರಿನವರಿಗೆಲ್ಲ ಆಸ್ಪತ್ರೆಗೆ ಗಾಡಿ ಮಾಡಿಕೊಟ್ಟವನು. ತನಗೆ ಮಾತ್ರ ಕಷಾಯ.

ಭಾಷಣವಾಯಿತು. ನಿಲ್ಲಿಸುತ್ತೇನೆ.

ಮುರುಟಿದ ಮಿಡಿ ಬೇರೆ ಮಾಡಿ, ಉಪ್ಪುನೀರು ಸೋಸಿ ಕುದಿಸಬೇಕು. ಮೇಲೆ ಬರುವ ನೊರೆ ತೆಗೆ. ಕುದಿಸಿದ ನೀರು ಒಂದು ರಾತ್ರಿ ಪೂರ್ತಿ ಆರಬೇಕು. ಬಿಸಿಯಿರುವಾಗ ಸಾಸಿವೆ ಹಾಕಿ ಕಡೆದರೆ ಅದರ ಘಾಟು ಸತ್ತು ಬರೀ ಕಹಿ ಉಳಿಯುತ್ತದೆ. ನೂರು ಮಿಡಿಗೆ 100 ಗ್ರಾಂ ಸಾಸಿವೆ, 150 ಗ್ರಾಂ ಬ್ಯಾಡಗಿ, ಎರಡು ಚಮಚ ಅರಿಶಿನ. ಬ್ಯಾಡಗಿಯನ್ನು ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಪುಡಿ ಮಾಡು, ಸಾಸಿವೆಯನ್ನು ಅದೇ ಉಪ್ಪುನೀರಿನಲ್ಲಿ ನುಣ್ಣಗೆ ಕಡೆ, ಬೇರೆ ನೀರು ಒಂದು ತೊಟ್ಟೂ ಬೀಳಬಾರದು. ಬೆರೆಸಿ ಭರಣಿಗೆ ತುಂಬಿದ ಮೇಲೆ ರಸ ಮಿಡಿಗಿಂತ ಒಂದು ಬೆರಳು ಮೇಲೆ ನಿಲ್ಲಬೇಕು. ಒಂದು ತಿಂಗಳು ಮುಟ್ಟಬೇಡ. ನಿನ್ನದಕ್ಕೆ ಖಾರ ಕೂಡಿಸಿದ್ದು ಏಪ್ರಿಲ್ ಕೊನೆಗೆ, ಹಾಗಾಗಿ ಬಂದ ಕೂಡಲೇ ತೆಗೆಯಬಹುದು.

ಒಣ ಸೌಟು, ಒಣ ಕೈ. ವಾರಕ್ಕಾಗುವಷ್ಟು ಸಣ್ಣ ಬಾಟಲಿಗೆ ತೆಗೆದಿಟ್ಟುಕೊಂಡು ದೊಡ್ಡದನ್ನು ಕಟ್ಟಿಬಿಡು. ಪುಣೆಯ ಮಳೆಗಾಲದಲ್ಲಿ ಬಟ್ಟೆ ಒದ್ದೆಯಾಗದ ಹಾಗೆ ನೋಡಿಕೋ. ಚೀಟಿ ಬಿಚ್ಚಿ ಎಸೆಯಬೇಡ.

ಪಾಸೋ ಫೇಲೋ ಅಂತ ಕೇಳುವುದಿಲ್ಲ. ಆರು ಪೇಪರು ಕೂತು ಬರೆದು ಬಂದೆಯಲ್ಲ, ಅದನ್ನು ಅವನು ಊರಿಡೀ ಮುಂಚೆಯೇ ಹೇಳಿಕೊಂಡು ಬಂದಿದ್ದ. ಪೋಸ್ಟ್ ಮಾಸ್ಟರಿಗಂತೂ ನೀನು ಆಗಲೇ ಪಾಸು.

ಖಾರ ಕೂಡಿಸುವ ದಿನ ಎಲ್ಲ ಭರಣಿಯನ್ನೂ ಎಣಿಸಿದೆ. ಬೀಗರದ್ದು ಸರಿಯಾಗಿ ನೂರು. ಪೋಸ್ಟ್ ಮಾಸ್ಟರದ್ದು ನೂರ ಒಂದು. ನಿನ್ನದನ್ನು ಎರಡು ಸಲ ಎಣಿಸಿದೆ, ಮೂರನೇ ಸಲ ಅಮ್ಮನ ಕೈಲೂ ಎಣಿಸಿದೆ. ನೂರ ಹದಿನೇಳು ಇದೆ. ಚೀಟಿಯಲ್ಲಿ ಏನಿದೆಯೋ ಹಾಗೇ ಬಿಟ್ಟಿದ್ದೇನೆ, ಆಡಿಟ್ ನಿನ್ನದು.

ಅತ್ತೆಗೆ ಒಂದು ಫೋನ್ ಮಾಡು. ಮಧ್ಯಾಹ್ನ ಮೂರರ ಮೇಲೆ ಮಾಡಿದರೆ ಒಬ್ಬಳೇ ಇರುತ್ತಾಳೆ.

ಇಂತಿ,
ಅಪ್ಪ