ರೂಮಿನಲ್ಲಿರುವ ಯುವಜನರಿಗೆ ಬೇಸಿಗೆ ಸೂಚನೆ
ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡಿರುವ ನಮ್ಮ ಸಭೆಯ ಕಾಲೇಜು ಮಕ್ಕಳ ಗಮನಕ್ಕೆ.

ಕೂಲರಿನ ಬೆನ್ನು ತೆರೆದ ಕಿಟಕಿಗಿರಲಿ, ಎದುರಿನ ಬಾಗಿಲು ನಾಲ್ಕು ಬೆರಳು ತೆರೆದಿರಲಿ. ಎಲ್ಲ ಮುಚ್ಚಿದರೆ ತೇವ ಹೊರಹೋಗದೆ ರಾತ್ರಿಯಿಡೀ ಸೆಖೆ, ಮೈ ಅಂಟಂಟು. ಬೋರ್ ನೀರಿನ ಸುಣ್ಣ ಪ್ಯಾಡಿಗೆ ಕಟ್ಟಿದರೂ ಗಾಳಿ ತಂಪಾಗದು. ಪ್ರತಿ ಶನಿವಾರ ಪ್ಲಗ್ ಕಿತ್ತು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೇ ಅಂಟಿರುತ್ತದೆ, ಬರೀ ನೀರು ಚೆಲ್ಲಿದರೆ ಸಾಲದು. ರೂಮ್‌ಮೇಟ್ ಜೊತೆ ಸರದಿ ಹಂಚಿಕೊಳ್ಳಿ.

ವಾಂತಿ ಭೇದಿಯಾದರೆ: ಕಾಯಿಸಿ ಆರಿಸಿದ 1 ಲೀಟರ್ ನೀರು, ಮಟ್ಟಸ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿ ಕುಡಿಯಿರಿ. ಉಪ್ಪು ಹೆಚ್ಚಾದರೆ ಅಪಾಯ, ದಯವಿಟ್ಟು ಅಂದಾಜಿಗೆ ಹಾಕಬೇಡಿ.

ಬೆಳಗಿನ ಪ್ರಾರ್ಥನೆಗೆ ಟೇಬಲ್ ಲೈಟ್ ಸಾಕು. ತಡರಾತ್ರಿ ಓದಿದ ರೂಮ್‌ಮೇಟ್ ಮಲಗಿರುತ್ತಾರೆ.